ಪ್ರಾಕ್ಸಿ ಸರ್ವರ್: ಮನೆಯಿಂದಲೇ ಗ್ರಂಥಾಲಯ

ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ (ಸ್ಥಾಪನೆ: 2003) ಇರುವುದು ತೊರವಿ ಬಳಿ. ಇಂಥ ಯಾವುದೇ ಕ್ಯಾಂಪಸ್ಸಿನಲ್ಲಿ ಸಲೀಸಾಗಿ ತೆರೆದುಕೊಳ್ಳುವ ಚಂದಾ ಇ-ಜರ್ನಲ್, ತಿಕೋಟಾ ಅಥವಾ ಬಬಲೇಶ್ವರದ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಒತ್ತಿದರೆ ಹಣ ಕೇಳುತ್ತದೆ. ಪ್ರಕಾಶಕರ ಸರ್ವರ್ ಓದುಗರ ಮುಖ ನೋಡುವುದಿಲ್ಲ, ಕೋರಿಕೆ ಯಾವ ಜಾಲದಿಂದ ಬಂತೆಂದು ತಿಳಿಸುವ ಐಪಿ ವಿಳಾಸ ನೋಡುತ್ತದೆ.

ಇಲ್ಲಿ ನೆರವಿಗೆ ಬರುವುದು ಪ್ರಾಕ್ಸಿ. ನಡುವೆ ನಿಂತ ಈ ಸರ್ವರ್ ನಮ್ಮ ಯೂಸರ್ ಐಡಿ, ಪಾಸ್‌ವರ್ಡ್ ಪರಿಶೀಲಿಸಿ, ಕೋರಿಕೆಯನ್ನು ಸಂಸ್ಥೆಯ ಐಪಿಯಿಂದ ಕಳಿಸಿ, ಬಂದ ಪುಟವನ್ನು ನಮಗೆ ದಾಟಿಸುತ್ತದೆ. ವಿಪಿಎನ್‌ನೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ: ವಿಪಿಎನ್ ಸಂಪರ್ಕವನ್ನು ಗೂಢಲಿಪಿಗೆ ಬದಲಿಸುತ್ತದೆ, ಪ್ರಾಕ್ಸಿ ತಾನಾಗಿ ಹಾಗೆ ಮಾಡುವುದಿಲ್ಲ.

ಹೀಗೆ ಲಾಗಿನ್ ಮೂಲಕ ಕಾಲೇಜುಗಳಿಗೆ ಇ-ಪುಸ್ತಕ, ಜರ್ನಲ್ ಒದಗಿಸುವ ಎನ್-ಲಿಸ್ಟ್ ಸೇವೆ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು. ಜರ್ನಲ್‌ಗಳಿಗೆ ರಾಷ್ಟ್ರಮಟ್ಟದಲ್ಲಿ ಒಟ್ಟಾಗಿ ಚಂದಾ ಕಟ್ಟುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಕೇಂದ್ರ ಸಂಪುಟದ ಒಪ್ಪಿಗೆ: 2024 ನವೆಂಬರ್ 25.

ಊರಿನಿಂದ ಓದುವವರು ಇಂದೇ ನಿಮ್ಮ ಕಾಲೇಜಿನ ಗ್ರಂಥಪಾಲಕರನ್ನು ಕೇಳಿ ಲಾಗಿನ್ ಪಡೆಯಿರಿ.