ಬಿಯರಿನ ನಾಲ್ಕನೆಯ ದ್ರವ್ಯ

೧೫೧೬ನೆಯ ಇಸವಿಯ ಏಪ್ರಿಲ್ ೨೩ರಂದು ಬವೇರಿಯದ ಇಂಗೋಲ್‌ಸ್ಟಾಟ್ ನಗರದಲ್ಲಿ ಅಲ್ಲಿನ ಪ್ರಭುಗಳು ಒಂದು ಕಟ್ಟಳೆಯನ್ನು ಹೊರಡಿಸಿದರು. ಬಾರ್ಲಿ ಎಂದರೆ ಜವೆಗೋಧಿ, ಹಾಪ್ಸ್, ನೀರು, ಈ ಮೂರನ್ನುಳಿದು ಬೇರಾವುದನ್ನೂ ಬಿಯರಿಗೆ ಬಳಸಕೂಡದೆಂಬುದು ಅದರ ವಿಧಿ. ಆದರೆ ಈ ಮೂರರಿಂದಲೇ ಬಿಯರ್ ಆಗದು. ನಾಲ್ಕನೆಯ ದ್ರವ್ಯವೊಂದು ಬೇಕು. ಅದರ ಹೆಸರು ಆ ಕಟ್ಟಳೆಯಲ್ಲಿಲ್ಲ. ಅದರ ನಿಜಸ್ವರೂಪವಂತೂ ಅಂದು ಯಾರಿಗೂ ತಿಳಿದಿರಲಿಲ್ಲ. ಪಾನದ ಗುಣದೋಷಗಳ ವಿಚಾರವನ್ನು ನೀತಿಶಾಸ್ತ್ರಕ್ಕೂ ವೈದ್ಯಶಾಸ್ತ್ರಕ್ಕೂ ಬಿಟ್ಟು, ಧಾನ್ಯವು ಪಾನೀಯವಾಗುವ ಬಗೆಯನ್ನೂ ಆ ನಾಲ್ಕನೆಯ ದ್ರವ್ಯವು ಬೆಳಕಿಗೆ ಬಂದ ಬಗೆಯನ್ನೂ ಇಲ್ಲಿ ನೋಡೋಣ.

ದ್ರಾಕ್ಷಿಯ ರಸದಲ್ಲಿ ಸಕ್ಕರೆಯು ಸಿದ್ಧವಾಗಿಯೇ ಇರುತ್ತದೆ. ಬಾರ್ಲಿಯ ಕಾಳಿನಲ್ಲಿರುವುದಾದರೋ ಪಿಷ್ಟ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಕಾಳು ಮೊಳೆಯುವಾಗ ಹೇರಳವಾಗಿ ಹುಟ್ಟುತ್ತವೆ. ಆದ್ದರಿಂದ ಬಾರ್ಲಿಯನ್ನು ಸುಮಾರು ಎರಡು ದಿನ ನೆನೆಯಿಸಿ, ನಾಲ್ಕೈದು ದಿನ ತಂಪಾದ ಸ್ಥಳದಲ್ಲಿ ಮೊಳೆಯಗೊಟ್ಟು, ಮೊಳಕೆಯು ಪಿಷ್ಟವನ್ನು ತಾನೇ ಉಂಡುಬಿಡುವ ಮೊದಲು ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಇದೇ ಮಾಲ್ಟು. ನಮ್ಮ ಮನೆಗಳಲ್ಲಿ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಮಕ್ಕಳ ಗಂಜಿಗೆ ಹಿಟ್ಟು ಮಾಡುವುದೂ ಇದೇ ತತ್ತ್ವದ ಮೇಲೆ. ಮಾಲ್ಟನ್ನು ಹುರಿದಷ್ಟೂ ಬಿಯರಿನ ಬಣ್ಣವು ಹೊಂಬಣ್ಣದಿಂದ ಕಪ್ಪಿಗೆ ತಿರುಗುತ್ತದೆ.

ಮಾಲ್ಟನ್ನು ತರಿತರಿಯಾಗಿ ಒಡೆದು, ಬಿಸಿನೀರಿನಲ್ಲಿ ಕಲಸಿ, ಸೆಂಟಿಗ್ರೇಡಿನ ಸುಮಾರು ೬೫ ಡಿಗ್ರಿ ಶಾಖದಲ್ಲಿ ಒಂದು ಗಂಟೆಯ ಕಾಲ ಇಡುತ್ತಾರೆ. ಶಾಖವು ತೀರ ಕಡಮೆಯಾದರೆ ಕಿಣ್ವಗಳ ಕೆಲಸ ಸಾಗದು. ೮೦ ಡಿಗ್ರಿಯನ್ನು ಮೀರಿದರೆ ಕಿಣ್ವಗಳೇ ನಾಶವಾಗುತ್ತವೆ. ಹದವರಿತು ನಡೆಸಿದರೆ ಪಿಷ್ಟದ ಬಹುಭಾಗವು ಮಾಲ್ಟೋಸ್ ಮುಂತಾದ ಸಕ್ಕರೆಗಳಾಗುತ್ತದೆ. ಬಳಿಕ ಚರಟವನ್ನು ಸೋಸಿ ತೆಗೆಯುತ್ತಾರೆ. ಅದು ದನಗಳಿಗೆ ಒಳ್ಳೆಯ ಮೇವು. ಉಳಿದ ಸಿಹಿರಸಕ್ಕೆ ಹಾಪ್ಸ್ ಬಳ್ಳಿಯ ಹೂಗಳನ್ನು ಹಾಕಿ ಒಂದರಿಂದ ಒಂದೂವರೆ ಗಂಟೆ ಕುದಿಸುತ್ತಾರೆ. ಹಾಪ್ಸಿನಿಂದ ಕಹಿಯೂ ಪರಿಮಳವೂ ಬೇಗ ಕೆಡದಿರುವ ಗುಣವೂ ಬರುತ್ತವೆ.

ಇಷ್ಟಾದರೂ ಅದು ಬರಿಯ ಕಷಾಯವೇ. ಅದನ್ನು ಆರಿಸಿ, ಹಿಂದಿನ ಪಾಕದ ಗಷ್ಟನ್ನು ಬೆರೆಸಿದರೆ ನೊರೆಯೆದ್ದು ಬಿಯರಾಗುವುದೆಂದು ಹಳಬರು ಅನುಭವದಿಂದ ಬಲ್ಲವರಾಗಿದ್ದರು. ಆ ಗಷ್ಟಿನಲ್ಲಿರುವ ಯೀಸ್ಟು ಒಂದು ಜೀವಿಯೆಂದು ಜರ್ಮನಿಯ ಷ್ವಾನನು ೧೮೩೭ರಲ್ಲಿ ಸಾರಿದಾಗ ಲೀಬಿಗ್‌ನಂಥ ರಸಾಯನಜ್ಞರೇ ನಕ್ಕರು. ಮುಂದೆ ಫ್ರಾನ್ಸಿನ ಲೂಯಿ ಪಾಸ್ತರನು ಪ್ರಯೋಗಗಳಿಂದ ಈ ಮಾತನ್ನು ಸ್ಥಾಪಿಸಿ, ೧೮೭೬ರಲ್ಲಿ ಬಿಯರನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದನು. ಯೀಸ್ಟು ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲಾಮ್ಲ ವಾಯುವಾಗಿಯೂ ಒಡೆಯುತ್ತದೆ. ೧೮೦ ಗ್ರಾಂ ದ್ರಾಕ್ಷಾಸಕ್ಕರೆಯು ಪೂರ್ತಿಯಾಗಿ ಒಡೆದರೆ ೯೨ ಗ್ರಾಂ ಮದ್ಯಸಾರ, ೮೮ ಗ್ರಾಂ ವಾಯು ಎಂಬುದು ರಸಾಯನಶಾಸ್ತ್ರದ ಲೆಕ್ಕ. ಬಿಯರಿನ ನೊರೆಗೆ ಈ ವಾಯುವೇ ಕಾರಣ.

ಆದರೆ ಎಲ್ಲ ಯೀಸ್ಟೂ ಒಂದೇ ಅಲ್ಲ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಕಾರ್ಖಾನೆಯ ಒಡೆಯನಾದ ಯಾಕಬ್‌ಸೆನ್ ೧೮೭೫ರಲ್ಲಿ ಅಲ್ಲೊಂದು ಪ್ರಯೋಗಶಾಲೆಯನ್ನು ತೆರೆದಿದ್ದನು. ಕೆಲವು ವರ್ಷಗಳಲ್ಲಿ ಅವನ ಬಿಯರೇ ಕೆಡತೊಡಗಿತು. ಒಳ್ಳೆಯ ಯೀಸ್ಟಿನೊಡನೆ ಕಾಡು ಯೀಸ್ಟು ಬೆರೆತಿರುವುದನ್ನು ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಎಂಬ ವಿಜ್ಞಾನಿಯು ಕಂಡುಹಿಡಿದು, ೧೮೮೩ರಲ್ಲಿ ಒಂದೇ ಒಂದು ಜೀವಕೋಶದಿಂದ ಶುದ್ಧವಾದ ಸಂತತಿಯನ್ನು ಬೆಳೆಸಿದನು. ಯಾಕಬ್‌ಸೆನ್ ಮನಸ್ಸು ಮಾಡಿದ್ದರೆ ಈ ಗುಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದಾಗಿತ್ತು. ಅವನು ಹಾಗೆ ಮಾಡದೆ ಆ ವಿಧಾನವನ್ನೂ ಯೀಸ್ಟನ್ನೂ ಇತರ ತಯಾರಕರಿಗೆ ಧರ್ಮಾರ್ಥವಾಗಿ ಹಂಚಿದನು.

೧೮೯೭ರಲ್ಲಿ ಎಡುವರ್ಡ್ ಬುಕ್ನರನು ಯೀಸ್ಟನ್ನು ಅರೆದು ಹಿಂಡಿದ ಜೀವರಹಿತ ರಸವೂ ಸಕ್ಕರೆಯನ್ನು ಹುದುಗಿಸಬಲ್ಲುದೆಂದು ತೋರಿಸಿ, ೧೯೦೭ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಕಿಣ್ವಗಳ ಆಧುನಿಕ ಅಧ್ಯಯನಕ್ಕೆ ದಾರಿಯಾದುದು ಇದೇ. ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿಯೇ ಸೋರೆನ್‌ಸೆನ್ ೧೯೦೯ರಲ್ಲಿ ಆಮ್ಲತೆಯನ್ನು ಅಳೆಯುವ ಪಿಎಚ್ ಮಾನವನ್ನು ರೂಪಿಸಿದನು. ಇಂದು ನಮ್ಮ ಹೊಲದ ಮಣ್ಣನ್ನು ಪರೀಕ್ಷಿಸುವಾಗಲೂ ಆ ಮಾನವನ್ನೇ ಬಳಸುತ್ತಾರೆ. ಬಿಯರನ್ನು ಎಂದೂ ಮುಟ್ಟದವನಿಗೂ ಅದರ ತೊಟ್ಟಿಯಿಂದ ಇಷ್ಟು ಲಾಭವಾಗಿದೆ. ಕೊಟ್ಟಷ್ಟೂ ಹೆಚ್ಚುವುದು ವಿದ್ಯೆಯೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.