ಕೋಸು ಬಿಟ್ಟಿರಿ, ಕಾಫಿ?

ಪ್ರಶ್ನೆ: ನನಗೆ 38 ವರ್ಷ, ಊರು ಸಾಗರ. ಮೂರು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೇನೆ. ಎಲೆಕೋಸು, ಹೂಕೋಸು, ಮೂಲಂಗಿ ಎಲ್ಲ ಬಿಟ್ಟೆ. ಈಗ ರಾಗಿಯೂ ಆಗದು ಎನ್ನುತ್ತಾರೆ. ಇಷ್ಟು ಪಥ್ಯ ಮಾಡಿದರೂ ಟಿಎಸ್‌ಎಚ್ 9ರಿಂದ ಇಳಿದಿಲ್ಲ, ಸುಸ್ತೂ ಹೋಗಿಲ್ಲ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಜೊತೆ ನುಂಗುತ್ತೇನೆ. ಇನ್ನೇನು ಬಿಡಲಿ?

ಉತ್ತರ: ನಿಮ್ಮ ಪತ್ರದ ಕೊನೆಯಲ್ಲೇ ಉತ್ತರ ಇದ್ದಂತಿದೆ. ಲೆವೊಥೈರಾಕ್ಸಿನ್ ಮೈಕ್ರೋಗ್ರಾಂ ಲೆಕ್ಕದ ಔಷಧಿ. 50ರ ಮಾತ್ರೆಯಲ್ಲಿರುವ ಔಷಧಿ ಒಂದು ಗ್ರಾಮಿನ ಇಪ್ಪತ್ತು ಸಾವಿರದಲ್ಲೊಂದು ಪಾಲು. ಅಷ್ಟನ್ನು ಕರುಳು ಹೀರಿಕೊಳ್ಳುವ ಹೊತ್ತಿಗೆ ಕಾಫಿಯೂ ಹಾಲೂ ಬಂದು ಅಡ್ಡ ನಿಂತರೆ ರಕ್ತಕ್ಕೆ ಸೇರುವುದು ಕಡಿಮೆಯೇ. ಬರಿಯ ನೀರಿನಲ್ಲಿ ನುಂಗಿ. ಕಾಫಿಗೆ ಕನಿಷ್ಠ ಅರ್ಧ ಗಂಟೆ, ಆದರೆ ಒಂದು ಗಂಟೆ ಕಾಯಿರಿ. ಮಲೆನಾಡಿನ ಚಳಿಯಲ್ಲಿ ಇದು ಸುಲಭವಲ್ಲ, ನನಗೆ ಗೊತ್ತು. ಆಗದಿದ್ದರೆ ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ನುಂಗಬಹುದು. ಕಬ್ಬಿಣಾಂಶದ ಅಥವಾ ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಡುವೆ ನಾಲ್ಕು ಗಂಟೆ ಅಂತರವಿರಲಿ.

ಹೀಗೆ ಆರರಿಂದ ಎಂಟು ವಾರ ಮಾಡಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಕಾಫಿಯ ವಿಷಯ ನಿಮ್ಮ ವೈದ್ಯರಿಗೂ ಹೇಳಿ. ಗೊತ್ತಿಲ್ಲದೆ ಅವರು ಡೋಸ್ ಏರಿಸಿಬಿಟ್ಟರೆ, ನೀವು ಕಾಫಿ ಸರಿಪಡಿಸಿದ ದಿನದಿಂದ ಅದೇ ಹೆಚ್ಚಾಗಿ ಎದೆ ಡವಗುಟ್ಟಲು ಶುರುವಾದೀತು.

ಇನ್ನು ಕೋಸು. ಅದರಲ್ಲಿ ಥೈರಾಯ್ಡ್‌ಗೆ ಅಯೋಡಿನ್ ಸಿಗದಂತೆ ತಡೆಯುವ ಅಂಶವಿರುವುದು ನಿಜ. ಆದರೆ ಅಯೋಡಿನ್ ಕೊರತೆಯಿರುವವರು ಹಸಿಯಾಗಿ ರಾಶಿಗಟ್ಟಲೆ ತಿಂದರೆ ಮಾತ್ರ ಚಿಂತೆ. ಬೇಯಿಸಿದರೆ ಅದರ ಬಲ ಬಹಳ ಕುಗ್ಗುತ್ತದೆ. ನಿಮ್ಮ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುವುದು ಹಾಶಿಮೊಟೊ ಕಾಯಿಲೆ. 1912ರಲ್ಲಿ ಅದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯರ ಹೆಸರೇ ಅದಕ್ಕಿದೆ. ಮೈಯ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವ ಆ ಜಗಳದಲ್ಲಿ ಕೋಸಿನ ಪಲ್ಯದ್ದೇನೂ ಪಾತ್ರವಿಲ್ಲ. ಸಿರಿಧಾನ್ಯಗಳಲ್ಲಿ ಅಪವಾದ ಇರುವುದು ಮುಖ್ಯವಾಗಿ ಸಜ್ಜೆಯ ಮೇಲೆ, ಅದೂ ಅದನ್ನೇ ಮೂರು ಹೊತ್ತು ಉಂಡು ಅಯೋಡಿನ್ ಸಾಲದೆ ಹೋದವರಲ್ಲಿ. ಮುದ್ದೆ ಉಣ್ಣಿ. ರಾಗಿ ಅಂಬಲಿಯನ್ನು ಮಾತ್ರ ಮಾತ್ರೆಯ ಬೆನ್ನಿಗೇ ಕುಡಿಯಬೇಡಿ.

ಪ್ರಶ್ನೆ: ಹೆಂಡತಿ ಮೂರು ತಿಂಗಳ ಗರ್ಭಿಣಿ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಒಳ್ಳೆಯದೆಂದು ಮನೆಗೆ ಸೈಂಧವ ಲವಣ ತಂದಿದ್ದೇವೆ. ನಾವು ಕರಾವಳಿಯವರು, ಮೀನು ತಿನ್ನುತ್ತೇವೆ. ಅಯೋಡಿನ್ ಸಾಕಲ್ಲವೇ?

ಉತ್ತರ: ಮೀನು ಒಳ್ಳೆಯದೇ, ಆದರೆ ಉಪ್ಪು ಬದಲಿಸಬೇಡಿ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು, ಗರ್ಭಿಣಿಗೆ ಸುಮಾರು 250. ಅಯೋಡಿನ್ ಬೆರೆಸಿದ ಉಪ್ಪು ಮನೆ ತಲುಪುವಾಗ ಗ್ರಾಮಿಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕೆಂಬ ನಿಯಮವಿದೆ. ಸೈಂಧವದಲ್ಲಾಗಲಿ, ಸಮುದ್ರದ ಕಲ್ಲುಪ್ಪಿನಲ್ಲಾಗಲಿ ತಾನಾಗಿ ಇರುವುದು ಅತ್ಯಲ್ಪ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಈಗ ಹಿಮಾಚಲದಲ್ಲಿರುವ ಕಾಂಗ್ರಾ ಕಣಿವೆಯನ್ನು ಮೂರು ವಲಯ ಮಾಡಿ, ಎರಡಕ್ಕೆ ಅಯೋಡಿನ್ ಉಪ್ಪು, ಒಂದಕ್ಕೆ ಬರಿಯ ಉಪ್ಪು ಹಂಚಿದರು. ಕೆಲವು ವರ್ಷಗಳಲ್ಲಿ ಗಳಗಂಡ ಇಳಿದದ್ದು ಆ ಎರಡರಲ್ಲೇ. ಅಂಗಡಿಯಲ್ಲಿ ಈಗ ದುಬಾರಿಗೆ ಸಿಗುವ ಗುಲಾಬಿ ಬಣ್ಣದ ಉಪ್ಪು ನೋಡಿದಾಗಲೆಲ್ಲ ನನಗೆ ಆ ಮೂರನೆಯ ವಲಯದ ನೆನಪು.

ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ, ಸಾರು ಇಳಿಸುವ ಹೊತ್ತಿಗೆ ಹಾಕಿ. ಇದಕ್ಕಿಂತ ತುರ್ತಿನದು: ಬಸುರಿನಲ್ಲಿ ಮಾತ್ರೆಯ ಪ್ರಮಾಣ ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ. ಮಗುವಿನ ಮಿದುಳು ಬೆಳೆಯುವುದು ಮೊದಲ ತಿಂಗಳುಗಳಲ್ಲಿ ತಾಯಿಯ ಹಾರ್ಮೋನನ್ನೇ ನಂಬಿ. ಟಿಎಸ್‌ಎಚ್ ಇನ್ನೂ ನೋಡಿಸಿಲ್ಲದಿದ್ದರೆ ಈ ವಾರವೇ ನೋಡಿಸಿ.

ಪ್ರಶ್ನೆ: ಥೈರಾಯ್ಡ್‌ನಿಂದ 14 ಕಿಲೊ ಹೆಚ್ಚಾದೆ. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆಯನ್ನೂ ನುಂಗುತ್ತಿದ್ದೇನೆ.

ಉತ್ತರ: ಥೈರಾಯ್ಡ್ ಕುಗ್ಗಿದ್ದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೊ, ಅದರಲ್ಲೂ ಬಹುಪಾಲು ಮೈಯಲ್ಲಿ ನಿಂತ ನೀರು. ಉಳಿದದ್ದಕ್ಕೆ ಊಟ, ನಡಿಗೆ, ನಿದ್ದೆ ನೋಡಬೇಕು. ಬಯೋಟಿನ್ ನಿಮ್ಮ ಗ್ರಂಥಿಗೆ ಕೆಡುಕು ಮಾಡುವುದಿಲ್ಲ, ಲ್ಯಾಬಿನ ಅಂಕಿಯನ್ನು ಕೆಡಿಸುತ್ತದೆ. ಟಿಎಸ್‌ಎಚ್ ಇಲ್ಲದಷ್ಟು ಕಡಿಮೆಯೆಂದು ತೋರಿಸಿಬಿಡಬಹುದು. ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ.