ಸ್ಕೇಟ್‌ಬೋರ್ಡ್: ಮೊದಲು ಬೀಳೋದು ಕಲಿಯಿರಿ

ಮಕ್ಕಳೇ, ದೇಹದ ಭಾಗಗಳ ಪಾಠ ನಿಮಗೆಲ್ಲ ಆಗಿದೆ, ಅಲ್ವಾ? ಹಿಮ್ಮಡಿ, ಅಂಗಾಲು, ಮಂಡಿ, ಸೊಂಟ, ಮೊಣಕೈ, ಮಣಿಕಟ್ಟು. ಸ್ಕೇಟ್‌ಬೋರ್ಡ್ ಕಲಿಯೋಕೆ ಈ ಆರೂ ಪದ ಬೇಕು. ಯಾವುದಾದರೂ ಮರೆತಿದ್ದರೆ ಅಮ್ಮನನ್ನೋ ಅಜ್ಜಿಯನ್ನೋ ಕೇಳಿಕೊಂಡು ಮುಂದೆ ಓದಿ.

ಮೊದಲು ಚಕ್ರದ ಕಥೆ ಹೇಳ್ತೀನಿ, ಯಾಕಂದ್ರೆ ಅದು ನಮ್ಮ ಕಡೆಯದೇ. ರೆಸ್ಟನ್ ಮೂಲಕ ಹಾದುಹೋಗುವ ಡಬ್ಲ್ಯು ಅಂಡ್ ಓಡಿ ಟ್ರೇಲ್ ಹಿಡಿದು ಪಶ್ಚಿಮಕ್ಕೆ ಹೋದರೆ ಅದು ಮುಗಿಯೋದು ಪರ್ಸೆಲ್‌ವಿಲ್ ಎಂಬ ಊರಿನಲ್ಲಿ. 1970ರಲ್ಲಿ ಫ್ರಾಂಕ್ ನ್ಯಾಸ್‌ವರ್ದಿ ಎಂಬ ಯುವಕ ಅಲ್ಲಿನ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ರೋಲರ್ ಸ್ಕೇಟ್‌ಗಾಗಿ ಮಾಡಿದ್ದ ಪಾಲಿಯುರೆಥೇನ್ ಚಕ್ರಗಳನ್ನು ಕಂಡು, ತನ್ನ ಸ್ಕೇಟ್‌ಬೋರ್ಡಿಗೆ ಹಾಕಿ ನೋಡಿದ. ಅಲ್ಲಿಯವರೆಗೆ ಬಳಕೆಯಲ್ಲಿದ್ದದ್ದು ಲೋಹದ ಅಥವಾ ಜೇಡಿಮಣ್ಣು ಬೆರೆಸಿ ಮಾಡಿದ ಗಡುಸು ಚಕ್ರ. ಸಣ್ಣ ಕಲ್ಲು ಸಿಕ್ಕರೂ ಚಕ್ರ ಗಕ್ಕನೆ ನಿಲ್ಲೋದು, ಮೇಲಿದ್ದವನು ಮಾತ್ರ ಮುಂದಕ್ಕೆ ಹೋಗೋನು. ನ್ಯೂಟನ್‌ನ ಮೊದಲ ನಿಯಮ! ಊರಲ್ಲಿ ಬೇರಿಂಗ್ ಗಾಡಿ ಓಡಿಸಿದ ಅಪ್ಪಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಸ ಚಕ್ರ ನೆಲವನ್ನು ಹಿಡಿಯಿತು, ಕಲ್ಲಿನ ಮೇಲೂ ಉರುಳಿತು. ಮುಂದೆ ಅವನು ಕ್ಯಾಲಿಫೋರ್ನಿಯಾದಲ್ಲಿ ಕ್ಯಾಡಿಲಾಕ್ ವೀಲ್ಸ್ ಎಂಬ ಹೆಸರಿನಲ್ಲಿ ಇವನ್ನು ಮಾರಿದ. ಮಂಕಾಗಿದ್ದ ಆಟ ಮತ್ತೆ ಚಿಗುರಿತು.

ಇವತ್ತೂ ಚಕ್ರದ ಮೇಲೆ 78ಎ, 99ಎ ಅಂತ ಬರೆದಿರುತ್ತೆ. ಅದು ಗಡಸುತನದ ಅಳತೆ. 99ಎ ಸ್ಕೇಟ್ ಪಾರ್ಕಿನ ನುಣುಪು ಕಾಂಕ್ರೀಟಿಗೆ ಸರಿ. ನಮ್ಮ ಮನೆಗಳ ಸುತ್ತಲಿನ ಬಿರುಕುಬಿಟ್ಟ ದಾರಿಗಳಿಗೆ 78ಎ ಆಸುಪಾಸಿನ ಮೆದು ಚಕ್ರವೇ ವಾಸಿ. ಆಟಿಕೆ ಅಂಗಡಿಯ ಅಗ್ಗದ ಬೋರ್ಡ್ ಬೇಡ. ಅದರ ಚಕ್ರ ಸರಿಯಾಗಿ ತಿರುಗುವುದೇ ಇಲ್ಲ, ಮಗು ತನಗೇ ಬರಲ್ಲ ಅಂದುಕೊಂಡು ಬಿಟ್ಟುಬಿಡುತ್ತೆ.

ಈಗ ಹುಲ್ಲಿನ ಮೇಲೆ ಬನ್ನಿ. ಹೌದು, ಹುಲ್ಲೇ. ಅಲ್ಲಿ ಬೋರ್ಡ್ ಓಡಲ್ಲ, ಆದ್ದರಿಂದ ನಿಲ್ಲೋದನ್ನು ನಿಧಾನವಾಗಿ ಕಲಿಯಬಹುದು. ಎಡಗಾಲು ಮುಂದಿದ್ದರೆ ಅದಕ್ಕೆ ರೆಗ್ಯುಲರ್ ಅಂತಾರೆ, ಬಲಗಾಲು ಮುಂದಿದ್ದರೆ ಗೂಫಿ. ಎರಡೂ ಸರಿಯೇ. ಕಾಲುಚೀಲ ಹಾಕಿಕೊಂಡು ಮನೆಯ ನುಣುಪು ನೆಲದ ಮೇಲೆ ಒಮ್ಮೆ ಜಾರಿ ನೋಡಿ. ತಾನಾಗಿ ಮುಂದೆ ಬರುವ ಕಾಲೇ ನಿಮ್ಮ ಮುಂಗಾಲು. ಮಂಡಿ ಸ್ವಲ್ಪ ಬಗ್ಗಿರಲಿ. ಭಾರ ಹಿಮ್ಮಡಿಯ ಕಡೆಗೆ ವಾಲಿದರೆ ಬೋರ್ಡ್ ಒಂದು ಕಡೆ ತಿರುಗುತ್ತೆ, ಬೆರಳುಗಳ ಕಡೆಗೆ ವಾಲಿದರೆ ಇನ್ನೊಂದು ಕಡೆ. ಸ್ಟೀರಿಂಗ್ ಅಂದ್ರೆ ಅಷ್ಟೇ.

ಆಮೇಲೆ ಬೀಳೋದು. ಬೋರ್ಡ್ ಪಕ್ಕಕ್ಕಿಟ್ಟು, ಹುಲ್ಲಿನ ಮೇಲೇ ಬೇಕು ಅಂತ ಹತ್ತು ಸಲ ಬೀಳಿ. ಬೀಳುವಾಗ ಎಲ್ಲರೂ ಸಹಜವಾಗಿ ಕೈಯನ್ನು ನೆಟ್ಟಗೆ ಮುಂದೆ ಚಾಚ್ತಾರೆ. ಆಗ ಇಡೀ ಮೈಭಾರ ಮಣಿಕಟ್ಟಿನ ಮೇಲೆ ಬಿದ್ದು ಮೂಳೆ ಮುರಿಯಬಹುದು. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವಾಗ ಕೈಯನ್ನು ಚೆಂಡಿನ ಜೊತೆ ಹಿಂದಕ್ಕೆ ಎಳೆದುಕೊಳ್ತೀರಲ್ಲ, ಇಲ್ಲೂ ಅದೇ ಲೆಕ್ಕ. ಮಂಡಿ ಮಡಚಿ ಕೆಳಗಾಗಿ, ಮೊಣಕೈ ಬಗ್ಗಿಸಿ, ಭುಜದ ಮೇಲೆ ಉರುಳಿ. ಪೆಟ್ಟು ಒಂದೇ ಕ್ಷಣಕ್ಕೆ, ಒಂದೇ ಜಾಗಕ್ಕೆ ಬೀಳದೆ ಹರಡಿಕೊಳ್ಳುತ್ತೆ.

ಇಷ್ಟು ಬಂದ ಮೇಲೆ ಮಟ್ಟಸವಾದ, ಕಾರು ಬಾರದ ಜಾಗಕ್ಕೆ ಹೋಗಿ. ಮುಂಗಾಲು ಮುಂದಿನ ಸ್ಕ್ರೂಗಳ ಹತ್ತಿರ, ಬೆರಳು ಮುಂದಕ್ಕೆ. ಹಿಂಗಾಲಿನಿಂದ ನೆಲವನ್ನು ಮೆಲ್ಲಗೆ ತಳ್ಳಿ. ನಿಲ್ಲಿಸಲು ಅದೇ ಹಿಂಗಾಲಿನ ಅಂಗಾಲನ್ನು ನೆಲಕ್ಕೆ ತಾಗಿಸಿ ಸವರಿ. ನಿಲ್ಲಿಸೋಕೆ ಬರುವವರೆಗೆ ಯಾವ ಇಳಿಜಾರಿಗೂ ಹೋಗ್ಬೇಡಿ. ಟ್ರೇಲ್ ಕೂಡ ಈಗಲೇ ಬೇಡ, ಅಲ್ಲಿ ಸೈಕಲ್‌ಗಳು ಭರ್ರನೆ ಬರ್ತವೆ. ಲೇಕ್ ಫೇರ್‌ಫ್ಯಾಕ್ಸ್‌ನಲ್ಲೂ ಆನಂಡೇಲ್‌ನ ವೇಕ್‌ಫೀಲ್ಡ್‌ನಲ್ಲೂ ಕೌಂಟಿಯ ಸ್ಕೇಟ್ ಪಾರ್ಕ್‌ಗಳಿವೆ. ಅಲ್ಲಿಗೆ ಹೋದ ಮೊದಲ ದಿನ ಅಂಚಿನಲ್ಲಿ ನಿಂತು, ಯಾರ ಸರದಿ ಹೇಗೆ ಬರುತ್ತೆ ಅಂತ ನೋಡಿದರೆ ಸಾಕು.

ಅಪ್ಪ-ಅಮ್ಮಂದಿರೇ, ಇನ್ನು ನಿಮಗೆ. ಐದು ವರ್ಷದೊಳಗಿನವರಿಗೆ ಸ್ಕೇಟ್‌ಬೋರ್ಡ್ ಬೇಡವೇ ಬೇಡ, ಹತ್ತರೊಳಗಿನವರ ಪಕ್ಕದಲ್ಲಿ ದೊಡ್ಡವರು ಇರಲೇಬೇಕು ಎನ್ನುವುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಪಕ್ಕದಲ್ಲಿ ಅಂದ್ರೆ ಕಾರಿನಲ್ಲಿ ಕೂತು ಫೋನ್ ನೋಡೋದಲ್ಲ. ಹೆಲ್ಮೆಟ್ ಮೇಲೆ ಎಎಸ್‌ಟಿಎಂ ಎಫ್1492 ಅಂತ ಇದೆಯಾ ನೋಡಿ, ಅದು ಸ್ಕೇಟ್‌ಬೋರ್ಡಿನದೇ ಮಾನದಂಡ. ಮಣಿಕಟ್ಟಿನ ಗಾರ್ಡ್ ತಪ್ಪದೇ ಕೊಡಿಸಿ.

‘ಇದು ನಮ್ಮವರ ಆಟ ಅಲ್ಲ’ ಅನ್ನುವವರಿಗೆ ಒಂದು ಮಾತು. ಬೆಂಗಳೂರಿನ ಹೋಲಿಸ್ಟೋಕ್ಡ್ ಎಂಬ ಹುಡುಗರ ಗುಂಪು 2013ರಲ್ಲಿ, ಲೀವೈಸ್ ಕಂಪನಿಯ ನೆರವು ಪಡೆದು, ಹೊರದೇಶದ ಸ್ಕೇಟರ್‌ಗಳ ಜೊತೆ ಸೇರಿ ನಗರದಲ್ಲಿ ಸ್ಕೇಟ್ ಪಾರ್ಕ್ ಕಟ್ಟಿತು. ಹುಡುಗಿಯರಿಗಲ್ಲ ಅನ್ನುವವರೂ ಇದ್ದಾರೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ಮಹಿಳೆಯರ ಸ್ಟ್ರೀಟ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ 13 ವರ್ಷ. ನಮ್ಮ ಶಾಲೆಯ ಏಳನೇ ಕ್ಲಾಸಿನವರಷ್ಟೇ ವಯಸ್ಸು!

ಕೊನೆಯದಾಗಿ, ಮಳೆ ಬಂದ ದಿನ ಹೊರಗೆ ತೆಗೆಯಬೇಡಿ. ಚಕ್ರ ಜಾರುತ್ತೆ, ಬೇರಿಂಗ್ ತುಕ್ಕು ಹಿಡಿಯುತ್ತೆ. ಒದ್ದೆಯಾಗಿಬಿಟ್ಟರೆ ಚಕ್ರ ಬಿಚ್ಚಿ, ಬೇರಿಂಗ್ ಒರೆಸಿ, ಒಣಗಿದ ಮೇಲೆ ಒಂದೆರಡು ಹನಿ ಬೇರಿಂಗ್ ಎಣ್ಣೆ ಬಿಡಿ. ಅಡುಗೆಮನೆಯ ಕೊಬ್ಬರಿ ಎಣ್ಣೆ ನಡೆಯಲ್ಲ. ನಮ್ಮ ಚಳಿಗೆ ಅದು ಹೆಪ್ಪುಗಟ್ಟುತ್ತೆ.